ಹತ್ತಿ ನಮ್ಮದು, ಸಟ್ಟಾ ಮುಂಬೈಯದು: ಪ್ರೇಮಚಂದ್ ರಾಯಚಂದ್ ಎಂಬ ದಲಾಲನ ಕಥೆ

ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ. ಆದರೂ ಹತ್ತೊಂಬತ್ತನೇ ಶತಮಾನದ ಮುಂಬೈ ಪೇಟೆಯಲ್ಲಿ ಒಂದು ಜಾತಿಯ ಹತ್ತಿಗೆ ಕುಮಟಾ ಅಂತಲೇ ಹೆಸರು. ಧಾರವಾಡ, ಗದಗ ಸೀಮೆಯ ಎರೆ ಹೊಲದ ಹತ್ತಿ ಚಕ್ಕಡಿ ಏರಿ, ಘಟ್ಟ ಇಳಿದು, ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಬಂದರಿನ ಹೆಸರೇ ಮಾಲಿಗೂ ಅಂಟಿಕೊಂಡಿತು. ಗದುಗಿಗೆ ಅಂಟಿಕೊಂಡೇ ಇರುವ ಯಲಬುರ್ಗಾ, ಅದರಾಚೆಯ ಕುಷ್ಟಗಿ ಕೂಡ ಎರೆ ನೆಲದ ನಾಡೇ. ಆಗ ಇವು ನಿಜಾಮರ ಸೀಮೆ. 1853ರಲ್ಲಿ ಬ್ರಿಟಿಷರ ಕೈಗೆ ಹೋಗಿದ್ದ ರಾಯಚೂರು ದೋಆಬ್ 1860ರಲ್ಲಿ ಮತ್ತೆ ಹೈದರಾಬಾದಿಗೆ ಮರಳಿತ್ತು. ಕೊಪ್ಪಳ ಕೋಟೆಯಲ್ಲಿ ಮುಂಡರಗಿ ಭೀಮರಾಯ ಹೋರಾಡಿ ಸತ್ತು ಆಗಿನ್ನೂ ಎರಡೇ ವರ್ಷ.

ಮರುವರ್ಷ, ಅಂದ್ರೆ 1861ರಲ್ಲಿ, ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ರಾಜ್ಯಗಳ ಬಂದರುಗಳು ಬಂದ್ ಆದವು, ಲ್ಯಾಂಕಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಾಯಿತು. ನಮ್ಮ ಕಡೆಯ ಹತ್ತಿಗೆ ಹಿಂದೆಂದೂ ಕಾಣದ ರೇಟು ಬಂತು. ರೇಟಿನ ಹಿಂದೆಯೇ ಖೊಟ್ಟಿತನವೂ ಬಂತು. ಒಳ್ಳೆ ಹತ್ತಿಗೆ ಕಳಪೆ ಹತ್ತಿ ಬೆರೆಸೋದು, ಬೀಜ, ಮಣ್ಣು ಸೇರಿಸೋದು, ತೂಕ ಬರಲಿ ಅಂತ ನೀರು ಹೊಡೆಯೋದು. ಇದನ್ನು ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯ್ದೆಯನ್ನೇ ತಂದಿತು. ಗಮನಿಸಿ: ಹತ್ತಿಯಲ್ಲಿ ಮಣ್ಣು ಬೆರೆಸಿದವನಿಗೆ ಕಾಯ್ದೆ ಇತ್ತು. ಅದೇ ಹತ್ತಿಯ ರೊಕ್ಕದಲ್ಲಿ ಮುಂಬೈಯಲ್ಲಿ ಗಾಳಿ ಕಂಪನಿ ಕಟ್ಟಿ ಷೇರು ಮಾರಿದವರಿಗೆ ಯಾವ ಕಾಯ್ದೆಯ ಅಂಜಿಕೆಯೂ ಇರಲಿಲ್ಲ.

ಆ ಗಾಳಿಯ ನಡುವೆ ನಿಂತಿದ್ದವನು ಪ್ರೇಮಚಂದ್ ರಾಯಚಂದ್.

ಹುಟ್ಟಿದ್ದು 1831ರಲ್ಲಿ, ಸೂರತ್‌ನ ಜೈನ ಕುಟುಂಬದಲ್ಲಿ. ಮನೆತನ ಮುಂಬೈಗೆ ಬಂತು, ಹುಡುಗ ಎಲ್ಫಿನ್‌ಸ್ಟನ್ ಶಾಲೆಯಲ್ಲಿ ಓದಿದ. ಇಂಗ್ಲಿಷ್ ಓದಿ ಬರೆದು ಮಾತಾಡಬಲ್ಲ ಮೊದಲ ದೇಶಿ ಷೇರು ದಲಾಲ ಈತನೇ ಅಂತ ಹೇಳುತ್ತಾರೆ. ಇಪ್ಪತ್ತು ತುಂಬುವ ಮೊದಲೇ ಒಬ್ಬ ದಲಾಲರ ಕೈಕೆಳಗೆ ಸೇರಿದ. ಸೌದಾಗಳನ್ನು ಬರೆದಿಟ್ಟುಕೊಳ್ಳದೆ ನೆನಪಿನಲ್ಲೇ ಇಟ್ಟುಕೊಳ್ಳುತ್ತಿದ್ದನಂತೆ. ಲಿವರ್‌ಪೂಲ್ ಧಾರಣೆ ತರುವ ಹಡಗು ದಂಡೆ ಮುಟ್ಟುವ ಮೊದಲೇ ದೋಣಿ ಕಳಿಸಿ ಸುದ್ದಿ ತರಿಸಿಕೊಳ್ಳುತ್ತಿದ್ದ ಅನ್ನುವ ಕಥೆಯೂ ಇದೆ. ಉಳಿದವರಿಗಿಂತ ಕೆಲವು ತಾಸು ಮೊದಲು ರೇಟು ಗೊತ್ತಾದರೆ ಸಾಕು, ಅಷ್ಟರಲ್ಲಿ ಕೊಳ್ಳುವುದು ಮಾರುವುದು ಮುಗಿದಿರುತ್ತಿತ್ತು.

ಇಲ್ಲಿತನಕ ಆತ ಚುರುಕು ವ್ಯಾಪಾರಿ ಅಷ್ಟೇ. ಕಥೆ ಕೆಡೋದು ಒಬ್ಬನೇ ಮನುಷ್ಯ ಮೂರು ಕುರ್ಚಿಯಲ್ಲಿ ಕೂತಾಗ. ಪ್ರೇಮಚಂದ್ ದಲಾಲ. ಜೊತೆಗೆ ಹೊಸ ಕಂಪನಿಗಳನ್ನು ಹುಟ್ಟುಹಾಕುವವನು. ಅದರ ಜೊತೆಗೆ ಬ್ಯಾಂಕುಗಳ ಸಾಲ ಯಾರಿಗೆ ಹೋಗಬೇಕು ಅಂತ ಸೂಚಿಸುವವನು. ಕಂಪನಿ ತನ್ನದು, ಅದರ ಷೇರು ಮಾರುವವನೂ ತಾನೇ, ಕೊಳ್ಳುವವನಿಗೆ ಸಾಲ ಕೊಡಿಸುವವನೂ ತಾನೇ. ನಮ್ಮ ಕಡೆಯ ದಲಾಲಿ ಅಂಗಡಿ ನೋಡಿದವರಿಗೆ ಇದು ಹೊಸದೇನಲ್ಲ. ಬೀಜಕ್ಕೆ ಮುಂಗಡ ಕೊಟ್ಟವನೇ ಮಾಲು ತೂಗಿ, ಅವನೇ ಪಟ್ಟಿ ಬರೆದರೆ ರೈತನ ಕೈಗೆ ಏನು ಉಳಿಯುತ್ತದೆ ಅಂತ ಗೊತ್ತೇ ಇದೆ.

1863-64ರ ಮುಂಬೈಯಲ್ಲಿ ಬ್ಯಾಂಕು, ಫೈನಾನ್ಸ್ ಕಂಪನಿ, ಸಮುದ್ರ ತುಂಬಿಸಿ ಜಾಗ ಮಾಡುವ ಕಂಪನಿ ದಿನಕ್ಕೊಂದರಂತೆ ಹುಟ್ಟಿದವು. ಇವುಗಳಲ್ಲಿ ದೊಡ್ಡದು ಬ್ಯಾಕ್‌ಬೇ ರಿಕ್ಲಮೇಶನ್. 5,000 ರೂಪಾಯಿ ತುಂಬಿದ ಅದರ ಷೇರು 50,000ದ ಆಸುಪಾಸಿಗೆ ಏರಿತು. ಸಮುದ್ರವೇನೋ ಅಲ್ಲೇ ಇತ್ತು, ಅದನ್ನು ತುಂಬಿಸಿರಲಿಲ್ಲ! ಹೊಸ ಷೇರು ಹಂಚಿಕೆಯಾದ ದಿನವೇ ರೇಟು ಏರುತ್ತಿದ್ದುದರಿಂದ, ಹಂಚಿಕೆ ಸಿಗೋದೇ ಒಂದು ಇನಾಮು. ಅದಕ್ಕಾಗಿ ದೊಡ್ಡ ಮನುಷ್ಯರೂ ಪ್ರೇಮಚಂದನ ಬಾಗಿಲಲ್ಲಿ ನಿಂತರು. ಬಾಗಿಲಲ್ಲಿ ನಿಂತವರು ಆಮೇಲೆ ಪ್ರಶ್ನೆ ಕೇಳುವುದಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ನಡೆದಿದ್ದು ಬ್ಯಾಂಕ್ ಆಫ್ ಬಾಂಬೆಯಲ್ಲಿ. ಅದು ಸಾಮಾನ್ಯ ಬ್ಯಾಂಕಲ್ಲ. ಸರ್ಕಾರದ್ದೇ ಪಾಲಿತ್ತು, ಸರ್ಕಾರ ನೇಮಿಸಿದ ನಿರ್ದೇಶಕರಿದ್ದರು. ಸರ್ಕಾರದ ಬ್ಯಾಂಕು ಅಂತಲೇ ಜನ ನಂಬಿದ್ದರು. ಹಳೆಯ ಸನ್ನದಿನ ಪ್ರಕಾರ ಅದು ಕಂಪನಿ ಷೇರುಗಳ ಮೇಲೆ ಸಾಲ ಕೊಡುವಂತಿರಲಿಲ್ಲ. 1863ರ ಹೊಸ ಕಾಯ್ದೆ ಆ ಬೇಲಿಯನ್ನು ಕಿತ್ತುಹಾಕಿತು. ಆಮೇಲೆ ಪ್ರೇಮಚಂದನ ಶಿಫಾರಸು ಇದ್ದರೆ ಸಾಕು, ಬ್ಯಾಂಕಿನ ಕಾರ್ಯದರ್ಶಿ ಬ್ಲೇರ್ ಸಾಲ ಕೊಡುತ್ತಿದ್ದ. ಪ್ರೇಮಚಂದ್ ತಾನೂ ಎತ್ತಿದ, ತನ್ನವರಿಗೂ ಎತ್ತಿಸಿದ. ಅಡವಿಟ್ಟದ್ದು ಏನು? ಅದೇ ಗಾಳಿ ಕಂಪನಿಗಳ ಷೇರು.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿ ಬಿತ್ತು, ಹತ್ತಿಯ ಜೊತೆ ಎಲ್ಲವೂ ಬಿತ್ತು. ಆಗಿನ ಬಹುಪಾಲು ಸಟ್ಟಾ ವಾಯಿದಾ ವ್ಯವಹಾರ, ಅಂದ್ರೆ ಈಗ ಮಾತು ಕೊಟ್ಟು ಮುಂದೆ ರೊಕ್ಕ ಕೊಡುವುದು. ಲೆಕ್ಕ ತೀರಿಸುವ ದಿನ ಜುಲೈ 1. ಆ ದಿನ ಒಬ್ಬರ ಹತ್ತಿರವೂ ರೊಕ್ಕವಿಲ್ಲ. ಒಬ್ಬ ಕೊಡದಿದ್ದಕ್ಕೆ ಇನ್ನೊಬ್ಬ ಕೊಡಲಿಲ್ಲ, ಹೀಗೆ ಪೇಟೆಯ ಪೇಟೆಯೇ ಮಲಗಿತು. 2,850 ರೂಪಾಯಿ ಮುಟ್ಟಿದ್ದ ಬ್ಯಾಂಕ್ ಆಫ್ ಬಾಂಬೆ ಷೇರು 87ಕ್ಕೆ ಇಳಿಯಿತು ಅಂತ ಮುಂಬೈ ಷೇರುಪೇಟೆಯ ಚರಿತ್ರೆಗಳು ಹೇಳುತ್ತವೆ. ದಿವಾಳಿಯಾದವರ ಲೆಕ್ಕ ಬೇಗ ತೀರಿಸಲು ಅದೇ ವರ್ಷ ವಿಶೇಷ ಕಾಯ್ದೆಯನ್ನೇ ಮಾಡಬೇಕಾಯಿತು. 1866ರಲ್ಲಿ ಪ್ರೇಮಚಂದನೂ ಕೈ ಎತ್ತಿದ.

1868ರಲ್ಲಿ ಸರ್ ಚಾರ್ಲ್ಸ್ ಜಾಕ್ಸನ್ ಆಯೋಗ ಕೂತಿತು. ಆ ಹೊತ್ತಿಗೆ ಬ್ಯಾಂಕಿನ ಬಂಡವಾಳದ ಬಹುಭಾಗ ಕರಗಿಹೋಗಿತ್ತು. ಆಯೋಗ ಬೆರಳು ತೋರಿಸಿದ್ದು ಪ್ರೇಮಚಂದನ ಕಡೆ ಮಾತ್ರ ಅಲ್ಲ. ಬೇಲಿ ಕಿತ್ತ ಕಾಯ್ದೆ, ಕೈಲಾಗದ ಕಾರ್ಯದರ್ಶಿ, ಕಣ್ಣು ಮುಚ್ಚಿದ ನಿರ್ದೇಶಕರು, ಎಲ್ಲರ ಪಾಲೂ ಅದರಲ್ಲಿತ್ತು. ನನ್ನ ಪ್ರಕಾರ ಈ ಕಥೆಯ ತಿರುಳು ಇದೇ. ಪ್ರೇಮಚಂದ್‌ಗೆ ಕೇಡು ಮಾಡಬೇಕೆಂಬ ಉದ್ದೇಶ ಇತ್ತೋ ಇಲ್ಲವೋ, ಆ ಚರ್ಚೆಗೆ ಕೊನೆಯಿಲ್ಲ. ಮಂದಿಯ ರೊಕ್ಕ ಮತ್ತು ದಲಾಲನ ರೊಕ್ಕ ಒಂದೇ ಗಲ್ಲಾಪೆಟ್ಟಿಗೆಯಲ್ಲಿತ್ತು, ಮಧ್ಯೆ ಗೋಡೆ ಇರಲಿಲ್ಲ. ಗೋಡೆ ಕಟ್ಟಬೇಕಾದ ಸರ್ಕಾರ ಇದ್ದ ಗೋಡೆಯನ್ನೂ ಕೆಡವಿತ್ತು.

ಆ ಬ್ಯಾಂಕನ್ನು ಮುಚ್ಚಿ ಹೊಸ ಬ್ಯಾಂಕ್ ಆಫ್ ಬಾಂಬೆ ತೆರೆದರು. ಅದು 1921ರಲ್ಲಿ ಇಂಪೀರಿಯಲ್ ಬ್ಯಾಂಕ್ ಒಳಗೆ ಸೇರಿತು, 1955ರಲ್ಲಿ ಇಂಪೀರಿಯಲ್ ಬ್ಯಾಂಕೇ ಸ್ಟೇಟ್ ಬ್ಯಾಂಕ್ ಆಯಿತು. ನಮ್ಮ ಭಾಗದವರು ಎಸ್‌ಬಿಎಚ್ ಅಂತ ಕರೆಯುತ್ತಿದ್ದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರಲ್ಲಿ ವಿಲೀನವಾಗಿದ್ದೂ ಅದರಲ್ಲೇ.

ಪ್ರೇಮಚಂದ್ ಮಾತ್ರ ಮೂಲೆ ಸೇರಲಿಲ್ಲ. ಮತ್ತೆ ದಲಾಲಿಗೆ ಇಳಿದ, ಮತ್ತೆ ಗಳಿಸಿದ. ಆಲದ ಮರದ ಕೆಳಗೆ ಕೂಡುತ್ತಿದ್ದ ದಲಾಲರು 1875ರಲ್ಲಿ ಒಂದು ಸಂಘ ಕಟ್ಟಿದರು, ಅದೇ ಇಂದಿನ ಬಿಎಸ್‌ಇ. ಕಟ್ಟಿದವರ ಸಾಲಿನಲ್ಲಿ ಆತನ ಹೆಸರೂ ಇದೆ. ಆದರೆ ಅದು ದಲಾಲರ ಸಂಘ, ಹೂಡಿಕೆದಾರರ ಸಂಘವಲ್ಲ. ದಲಾಲರ ಮೇಲೆ ಕಾನೂನಿನ ಹಲ್ಲಿರುವ ಕಾವಲುಗಾರ ಬರಲು 1992ರ ಸೆಬಿ ಕಾಯ್ದೆಯವರೆಗೆ ಕಾಯಬೇಕಾಯಿತು, ಅದೂ ಹರ್ಷದ್ ಮೆಹ್ತಾ ಹಗರಣದ ವರ್ಷ.

ಕಾವಲುಗಾರ ಬಂದ ಮೇಲೂ ಆ ಗೋಡೆಯ ಪ್ರಶ್ನೆ ಮುಗಿದಿಲ್ಲ. 2019ರಲ್ಲಿ ಹೈದರಾಬಾದಿನ ಕಾರ್ವಿ ಬ್ರೋಕಿಂಗ್ ತನ್ನ ಗಿರಾಕಿಗಳ ಸುಮಾರು 2,300 ಕೋಟಿ ರೂಪಾಯಿ ಬೆಲೆಯ ಷೇರುಗಳನ್ನು ಅಡವಿಟ್ಟು ಸಾಲ ಎತ್ತಿದ್ದನ್ನು ಸೆಬಿ ಹಿಡಿಯಿತು. 2023ರಲ್ಲಿ ಅದರ ನೋಂದಣಿಯನ್ನೇ ರದ್ದು ಮಾಡಿತು. ಈಗ ಷೇರು ಅಡವಿಡಬೇಕಾದರೆ ಗಿರಾಕಿಯ ಒಟಿಪಿ ಬೇಕು, ಷೇರು ಗಿರಾಕಿಯ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ. ಆ ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳಿದರೆ ಗೋಡೆಗೆ ನಾವೇ ಕಿಂಡಿ ಕೊರೆದಂತೆ. ಕೊಪ್ಪಳ, ಗಂಗಾವತಿಯಲ್ಲಿ ಕೂತವರಿಗೂ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟಿಪ್ಸ್ ಬರುತ್ತವೆ, ಯಾರದೋ ಖಾಸಗಿ ಖಾತೆಗೆ ರೊಕ್ಕ ಹಾಕಿ ಅಂತಾರೆ. ನೋಂದಾಯಿತ ಬ್ರೋಕರ್ ಹಾಗೆ ಕೇಳೋದಿಲ್ಲ. ಬ್ರೋಕರ್ ಮೇಲೆ ದೂರಿದ್ದರೆ ಸೆಬಿಯ ಸ್ಕೋರ್ಸ್ ಇದೆ, ಸಹಾಯವಾಣಿ 1800 22 7575. ರೊಕ್ಕ ಹೋಗೇಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಫೋನು ಹಚ್ಚಬೇಕು. ವಾಯಿದಾ ಸಟ್ಟಾವಂತೂ ಈಗ ಎಫ್ ಆ್ಯಂಡ್ ಓ ಹೆಸರಲ್ಲಿ ಮೊಬೈಲಿಗೇ ಬಂದಿದೆ. 2024ರ ಸೆಬಿ ಅಧ್ಯಯನದ ಪ್ರಕಾರ ಮೂರು ವರ್ಷದಲ್ಲಿ ಅದರಲ್ಲಿ ಇಳಿದ ಸಣ್ಣ ವಹಿವಾಟುದಾರರಲ್ಲಿ 93 ಪ್ರತಿಶತ ಮಂದಿಗೆ ಲುಕ್ಸಾನು. ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದಕ್ಕೆ ವಂಚಕನೂ ಬೇಕಿಲ್ಲ.

ಪ್ರೇಮಚಂದ್ 1906ರಲ್ಲಿ ತೀರಿಕೊಂಡ. ಅದರ ಹಿಂದಿನ ವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ್ದರು, ಸಾಲಕ್ಕಾಗಿ ರೈತ ಸಾಹುಕಾರನ ಅಂಗಡಿ ಮುಂದೆ ನಿಲ್ಲದಿರಲಿ ಅಂತ. ಮುಂಬೈಯಲ್ಲಿ ಪ್ರೇಮಚಂದನ ಹೆಸರು ಉಳಿದಿರುವುದು ಬೇರೆ ಕಾರಣಕ್ಕೆ. 1864ರಲ್ಲಿ, ಸಟ್ಟಾ ಉತ್ತುಂಗದಲ್ಲಿದ್ದಾಗ, ಆತ ಮುಂಬೈ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು 2 ಲಕ್ಷ, ಗಡಿಯಾರ ಗೋಪುರಕ್ಕೆಂದು ಇನ್ನೂ 2 ಲಕ್ಷ ರೂಪಾಯಿ ಕೊಟ್ಟಿದ್ದ. ಕಟ್ಟಡ ಮುಗಿದದ್ದು 1878ರಲ್ಲಿ. ಗೋಪುರಕ್ಕೆ ತಾಯಿಯ ಹೆಸರು, ರಾಜಾಬಾಯಿ. ದಲಾಲ್ ಸ್ಟ್ರೀಟಿನಿಂದ ಅಲ್ಲಿಗೆ ನಡೆದೇ ಹೋಗಬಹುದು.