ಮುಪ್ಪಿನ ಮರ್ಮವನ್ನು ಅರಸಿದ ಮೆಚ್ನಿಕಾಫ್

ಮನುಷ್ಯನಿಗೆ ಮುಪ್ಪು ಏಕೆ ಬರುತ್ತದೆಂಬ ಪ್ರಶ್ನೆಯು ಬಹು ಪುರಾತನವಾದದ್ದು. ಅದು ಪ್ರಯೋಗಶಾಲೆಯಲ್ಲಿ ವಿಚಾರಿಸತಕ್ಕ ವಿಷಯವೆಂದು ತಿಳಿದು, 1903ರಲ್ಲಿ ಆ ವಿಚಾರಕ್ಕೆ ಜೆರೊಂಟಾಲಜಿ, ಅಂದರೆ ವೃದ್ಧಾಪ್ಯಶಾಸ್ತ್ರವೆಂಬ ಹೆಸರನ್ನಿಟ್ಟವನು ಎಲೀ ಮೆಚ್ನಿಕಾಫ್ ಎಂಬ ಪ್ರಾಣಿಶಾಸ್ತ್ರಜ್ಞನು. ಆತನ ಜೀವಿತವನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರುವುದು ಉಚಿತ.

ಆತನು 1845ನೆಯ ಇಸವಿ ಮೇ ತಿಂಗಳಲ್ಲಿ ಖಾರ್ಕೋವ್ ಪಟ್ಟಣದ ಸಮೀಪದ ಹಳ್ಳಿಯೊಂದರಲ್ಲಿ ಹುಟ್ಟಿದನು. ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಆ ಪ್ರಾಂತವು ಈಗ ಉಕ್ರೇನ್ ದೇಶದಲ್ಲಿದೆ. ನಾಲ್ಕು ವರ್ಷಗಳ ವಿಶ್ವವಿದ್ಯಾನಿಲಯದ ಪಾಠಕ್ರಮವನ್ನು ಎರಡೇ ವರ್ಷಗಳಲ್ಲಿ ಮುಗಿಸಿದ ಈ ಬುದ್ಧಿಶಾಲಿಯು ಮುಂದೆ ಒಡೆಸ್ಸಾದಲ್ಲಿ ಪ್ರಾಧ್ಯಾಪಕನಾದನು. ಆದರೆ ಆತನ ಮೊದಲನೆಯ ಪತ್ನಿ ಲುಡ್ಮಿಲಾ ಕ್ಷಯರೋಗದಿಂದ ನರಳಿ 1873ರಲ್ಲಿ ತೀರಿಹೋದಳು. ದುಃಖದಿಂದ ಜರ್ಜರಿತನಾದ ಆತನು ಬದುಕೇ ಬೇಡವೆಂದು ಪ್ರಾಣತ್ಯಾಗಕ್ಕೆ ಯತ್ನಿಸಿದನು, ಹೇಗೋ ಜೀವವುಳಿಯಿತು. ಜೀವಿತವನ್ನು ಹೀಗೆ ಹಗುರವಾಗಿ ಕಂಡವನೇ ಮುಂದೆ ಅದನ್ನು ದೀರ್ಘಗೊಳಿಸುವ ಮಾರ್ಗವನ್ನು ಹುಡುಕಿದನು.

1875ರಲ್ಲಿ ಆತನು ಓಲ್ಗಾ ಎಂಬಾಕೆಯನ್ನು ವಿವಾಹವಾದನು. ಈಕೆಯು ಚಿತ್ರಕಲೆಯಲ್ಲಿ ನಿಪುಣೆಯಾಗಿದ್ದುದಲ್ಲದೆ, ಪತಿಯಿಂದ ಶಾಸ್ತ್ರವನ್ನೂ ಕಲಿತು ಆತನ ಪ್ರಯೋಗಗಳಿಗೆ ನೆರವಾದಳು. 1882ರ ಕೊನೆಯಲ್ಲಿ ಅವರು ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿದ್ದರು. ಮಕ್ಕಳಿಗಾಗಿ ಕ್ರಿಸ್ಮಸ್ ಮರವನ್ನು ಸಿಂಗರಿಸಿದ್ದ ಮನೆಯ ತೋಟದಿಂದಲೇ ಆತನು ಗುಲಾಬಿಯ ಮುಳ್ಳುಗಳನ್ನು ತಂದು, ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ದೇಹದಲ್ಲಿ ಚುಚ್ಚಿದನು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ಚಲಿಸುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ರಕ್ತದ ಬಿಳಿಯ ಕಣಗಳೂ ಹೀಗೆಯೇ ರೋಗಾಣುಗಳನ್ನು ಮುತ್ತಿ ಭಕ್ಷಿಸುವುವೆಂದು ಆತನು ಪ್ರತಿಪಾದಿಸಿದನು. 1888ರಲ್ಲಿ ಪಾಸ್ತರ್ ಮಹಾಶಯನು ಆತನಿಗೆ ಪ್ಯಾರಿಸ್ಸಿನ ತನ್ನ ಸಂಸ್ಥೆಯಲ್ಲಿ ಸ್ಥಾನವನ್ನು ಕೊಟ್ಟನು. 1908ರಲ್ಲಿ ಪಾಲ್ ಎರ್ಲಿಖ್ ಎಂಬ ವಿದ್ವಾಂಸನೊಡನೆ ಆತನಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಪ್ಯಾರಿಸ್ಸಿನಲ್ಲಿ ಆತನ ಮನಸ್ಸು ಮುಪ್ಪಿನ ಕಡೆಗೆ ತಿರುಗಿತು. ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಆಹಾರವನ್ನು ಕೊಳೆಯಿಸಿ ವಿಷವನ್ನುಂಟುಮಾಡುವುವೆಂದೂ, ಆ ವಿಷದಿಂದ ದೇಹವು ಅಕಾಲದಲ್ಲಿ ಮುದಿಯಾಗುವುದೆಂದೂ ಆತನು ಭಾವಿಸಿದನು. ಬಲ್ಗೇರಿಯಾದ ರೈತರು ಹುಳಿಹಾಲನ್ನು ಸೇವಿಸುತ್ತ ಬಹುಕಾಲ ಬಾಳುತ್ತಾರೆಂದು ಕೇಳಿ, ನಮ್ಮ ಮೊಸರಿನಂತಹ ಆ ಪದಾರ್ಥವನ್ನು ತಾನೂ ನಿತ್ಯವೂ ಸೇವಿಸಿದನು. 1907ರಲ್ಲಿ ತನ್ನ ಈ ವಿಚಾರಗಳನ್ನು ಪ್ರಕಟಿಸಿದ ಗ್ರಂಥಕ್ಕೆ ಆಶಾವಾದದ ಪ್ರಬಂಧಗಳೆಂದು ಹೆಸರಿಟ್ಟನು.

ಮೊಸರೊಂದರಿಂದಲೇ ಮುಪ್ಪನ್ನು ತಡೆಯಬಹುದೆಂಬುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಜೀವಕಣಗಳ ಒಳಗಿನ ಆನುವಂಶಿಕ ದ್ರವ್ಯವು ಕಾಲಕ್ರಮದಲ್ಲಿ ಹಾನಿಗೊಳ್ಳುವುದೂ, ವಿಭಜನೆಯನ್ನು ನಿಲ್ಲಿಸಿಯೂ ಸಾಯದೆ ಉಳಿದ ಕಣಗಳು ಉರಿಯೂತವನ್ನು ಹೆಚ್ಚಿಸುವುದೂ ಮುಪ್ಪಿನ ಕಾರಣಗಳಲ್ಲಿ ಸೇರಿವೆಯೆಂದು ಇಂದಿನ ಶಾಸ್ತ್ರಜ್ಞರು ಕಂಡಿದ್ದಾರೆ. ಆದರೂ ಕರುಳಿನ ಸೂಕ್ಷ್ಮಾಣುಗಳಿಗೂ ಮುಪ್ಪಿಗೂ ಇರುವ ಸಂಬಂಧವನ್ನು ಅವರು ಪುನಃ ಶ್ರದ್ಧೆಯಿಂದ ಪರಿಶೋಧಿಸುತ್ತಿದ್ದಾರೆ.

ಮಹಾಯುದ್ಧವು ನಡೆಯುತ್ತಿರುವಾಗಲೇ, 1916ರ ಜುಲೈ ತಿಂಗಳಲ್ಲಿ, ಹೃದ್ರೋಗದಿಂದ ಮೆಚ್ನಿಕಾಫನು ಮರಣಹೊಂದಿದನು. ಕೀರ್ತನಕಾರನು ಮನುಷ್ಯನ ಆಯುಷ್ಯಕ್ಕೆ ಹೇಳಿರುವ ಎಪ್ಪತ್ತು ವರ್ಷಗಳನ್ನು ಆತನು ದಾಟಿದ್ದುದು ಒಂದೇ ವರ್ಷದಷ್ಟು. ಆತನ ಭಸ್ಮವನ್ನು ಪಾಸ್ತರ್ ಸಂಸ್ಥೆಯ ಪುಸ್ತಕಾಲಯದಲ್ಲಿ ಇರಿಸಿದ್ದಾರೆ. ಓಲ್ಗಾ ಆತನ ಜೀವನಚರಿತ್ರೆಯನ್ನು ಬರೆದಳು.

ಮೆಚ್ನಿಕಾಫನು ನಮ್ಮ ವಿಶ್ವಾಸವನ್ನು ಹೊಂದಿದವನಲ್ಲ. ದೇವರನ್ನು ನಂಬದೆಯೇ ಬಾಳಿದನು. ಆದರೂ ವೃದ್ಧರು ರೋಗಪೀಡಿತರಾಗಿ ಮೂಲೆಯಲ್ಲಿ ಬಿದ್ದಿರದೆ, ಆರೋಗ್ಯದಿಂದಿದ್ದು ತಮ್ಮ ಅನುಭವವನ್ನು ಲೋಕಕ್ಕೆ ಧಾರೆಯೆರೆಯಬೇಕೆಂಬ ಆತನ ಹಂಬಲವು ಕರುಣೆಯುಳ್ಳದ್ದು. ಬಾಲಕಿಯರೇ, ಮುಪ್ಪು ನಿಮಗೆ ಬಹು ದೂರವೆಂದು ತೋರಬಹುದು. ನಿಮ್ಮ ಮನೆಯಲ್ಲಿ ಅಜ್ಜಿಯೊಬ್ಬರು ಈಗಲೇ ಆ ದಾರಿಯಲ್ಲಿ ನಡೆಯುತ್ತಿದ್ದಾರೆ. ಅವರಿಗೆ ಹಿತವಾದ ಊಟ, ಅಂಗಳದಲ್ಲಿ ನಾಲ್ಕು ಹೆಜ್ಜೆ ನಡೆಯಲು ಒಂದು ಕೈಯಾಸರೆ, ಕುಳಿತು ಆಡುವ ಎರಡು ಮಾತು, ಇವುಗಳನ್ನು ಒದಗಿಸುವುದಕ್ಕೆ ಯಾವ ಪ್ರಯೋಗಶಾಲೆಯೂ ಬೇಕಾಗಿಲ್ಲ.