ಹೊಲದಿಂದ ಅಮೆರಿಕದ ಸಂಸತ್ತಿಗೆ: ದಲೀಪ್ ಸಿಂಗ್ ಸೌಂದ್

ಗಣಿತದಲ್ಲಿ ಡಾಕ್ಟರೇಟ್ ಪಡೆದವರು ಮುಂದೆ ಏನಾಗುತ್ತಾರೆ ಎಂದು ಕೇಳಿದರೆ ನೀವೆಲ್ಲರೂ ಪ್ರೊಫೆಸರ್ ಎಂದೇ ಹೇಳುತ್ತೀರಿ. ಆದರೆ ಅಂಥ ಒಬ್ಬರು ಹತ್ತಿ ಬಿಡಿಸುವ ಕೂಲಿಗಳ ಮೇಸ್ತ್ರಿಯಾದರು. ಅವರ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ.

ದಲೀಪ್ ಸಿಂಗ್ ಸೌಂದ್ 1899ರಲ್ಲಿ ಪಂಜಾಬಿನ ಛಜ್ಜಲವಡ್ಡಿ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಹೆತ್ತವರು ಓದಿದವರಲ್ಲ. ಆದರೂ ತಂದೆ ತಮ್ಮ ಸಹೋದರರೊಂದಿಗೆ ಸೇರಿ ಊರಿನ ಮಕ್ಕಳಿಗಾಗಿ ಒಂದು ಕೋಣೆಯ ಶಾಲೆ ತೆರೆದರು. ಓದು ಬಾರದವರು ಕಟ್ಟಿದ ಆ ಶಾಲೆಯನ್ನು ನಮ್ಮಂಥ ವಿದ್ಯಾಸಂಸ್ಥೆಯವರು ಗಮನಿಸಬೇಕು.

ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿದ ಸೌಂದ್ 1920ರಲ್ಲಿ ಅಮೆರಿಕಕ್ಕೆ ಹೊರಟರು. ಹಣ್ಣುಗಳನ್ನು ಕೆಡದಂತೆ ಡಬ್ಬಿಯಲ್ಲಿ ತುಂಬಿಡುವ ವಿದ್ಯೆ ಕಲಿತು, ಎರಡು ಮೂರು ವರ್ಷಗಳಲ್ಲಿ ಮರಳಿ ಇಲ್ಲಿಯೇ ಉದ್ಯಮ ಆರಂಭಿಸುವುದು ಅವರ ಆಸೆಯಾಗಿತ್ತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆ ವಿಷಯದ ಜೊತೆಗೆ ಗಣಿತವನ್ನೂ ಓದಿ, 1924ರಲ್ಲಿ ಡಾಕ್ಟರೇಟ್ ಪಡೆದರು. ಅಷ್ಟರಲ್ಲಿ ಅಲ್ಲಿಯೇ ನೆಲೆಸುವ ಮನಸ್ಸಾಗಿತ್ತು.

ಆದರೆ 1923ರಲ್ಲಿಯೇ ಆ ದೇಶದ ಸುಪ್ರೀಂ ಕೋರ್ಟು, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಎಂಬವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಕ್ಯಾಲಿಫೋರ್ನಿಯಾದ ಕಾನೂನಿನಂತೆ ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳುವಂತಿರಲಿಲ್ಲ. ಅಲ್ಲಿನ ಜನ ಸಿಖ್ಖರನ್ನೂ ಮುಸ್ಲಿಮರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಎಲ್ಲರನ್ನೂ 'ಹಿಂದೂ'ಗಳು ಎಂದೇ ಕರೆಯುತ್ತಿದ್ದರು. ಕಷ್ಟದಲ್ಲಂತೂ ಎಲ್ಲರೂ ಸಮಪಾಲುದಾರರೇ!

ಹೀಗಾಗಿ ಡಾಕ್ಟರ್ ಸೌಂದ್ ಇಂಪೀರಿಯಲ್ ಕಣಿವೆಗೆ ಬಂದರು. ಕೊಲೊರಾಡೊ ನದಿಯ ಕಾಲುವೆ ನೀರಿನಿಂದ ಹಸಿರಾದ ಮರುಭೂಮಿ ಅದು. ಬೇಸಿಗೆಯ ಬಿಸಿಲು ಬೆಂಕಿಯಂತೆ ಸುಡುತ್ತದೆ. ಮೊದಲು ಮೇಸ್ತ್ರಿ ಕೆಲಸ. ನಂತರ ವೆಸ್ಟ್‌ಮೋರ್‌ಲೆಂಡ್ ಎಂಬ ಊರಿನ ಬಳಿ ಲೆಟ್ಯೂಸ್ ಸೊಪ್ಪು ಮುಂತಾದ ಬೆಳೆಗಳ ಬೇಸಾಯ. ಸೊಪ್ಪಿನ ಬೆಲೆ ಕುಸಿದು ಸಾಲ ತಲೆಗೇರಿತು. ದಿವಾಳಿ ಅರ್ಜಿ ಹಾಕಿದ್ದರೆ ಸಾಲದಿಂದ ಪಾರಾಗಬಹುದಿತ್ತು. ಅವರು ಒಪ್ಪಲಿಲ್ಲ, ವರ್ಷಗಟ್ಟಲೆ ದುಡಿದು ತೀರಿಸಿದರು. 1928ರಲ್ಲಿ ಮರಿಯನ್ ಕೋಸಾ ಅವರನ್ನು ಮದುವೆಯಾಗಿದ್ದರು. ಮೂವರು ಮಕ್ಕಳ ಸಂಸಾರ.

ಹೊಲದ ಕೆಲಸ ಮುಗಿಸಿ ಸಂಜೆ ಸಭೆಗಳಲ್ಲಿ ಭಾರತದ ಸ್ವಾತಂತ್ರ್ಯದ ಪರವಾಗಿ ಭಾಷಣ ಮಾಡುವುದು ಅವರ ರೂಢಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೌರತ್ವದ ಹಕ್ಕಿಗಾಗಿ ಭಾರತೀಯರು ಸಂಘಟಿತರಾದರು. ಸೌಂದ್ ಅವರಂತೆಯೇ ಇಂಡಿಯಾ ಲೀಗಿನ ಜೆ.ಜೆ. ಸಿಂಗ್ ಅವರೂ, ಮುಬಾರಕ್ ಅಲಿ ಖಾನ್ ಅವರೂ ಈ ಹೋರಾಟದಲ್ಲಿದ್ದರು ಎಂಬುದನ್ನು ನಮ್ಮ ವಾಚಕರು ತಿಳಿದಿರಬೇಕು. 1946ರಲ್ಲಿ ಅಧ್ಯಕ್ಷ ಟ್ರೂಮನ್ ಕಾಯಿದೆಗೆ ಸಹಿ ಹಾಕಿದರು. 1949ರ ಡಿಸೆಂಬರ್‌ನಲ್ಲಿ, ಬಂದು 29 ವರ್ಷಗಳಾದ ಮೇಲೆ, ಸೌಂದ್ ಪೌರರಾದರು.

ಇನ್ನು ಮುಂದೆ ತಾರೀಖಿನ ಲೆಕ್ಕ ನೋಡಿ. 1950ರ ನವೆಂಬರ್‌ನಲ್ಲಿ ವೆಸ್ಟ್‌ಮೋರ್‌ಲೆಂಡಿನ ಜನ ಅವರನ್ನು ಸ್ಥಳೀಯ ನ್ಯಾಯಾಧೀಶರನ್ನಾಗಿ ಚುನಾಯಿಸಿದರು. ಪೌರರಾಗಿ ಇನ್ನೂ ಒಂದು ವರ್ಷ ತುಂಬಿಲ್ಲವೆಂದು ಆ ಗೆಲುವು ರದ್ದಾಯಿತು. ಕೆಲವೇ ವಾರಗಳು ಕಡಿಮೆಯಾಗಿದ್ದವು! 1952ರಲ್ಲಿ ಮತ್ತೆ ನಿಂತು ಗೆದ್ದರು. 1956ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಸಂಸತ್ತಿನ ಕೆಳಮನೆಗೆ ಸ್ಪರ್ಧಿಸಿದಾಗ ಪಕ್ಷದೊಳಗಿನ ಎದುರಾಳಿಯೇ ಕೋರ್ಟಿಗೆ ಹೋದರು. ಸದಸ್ಯನಾಗಲು ಏಳು ವರ್ಷಗಳ ಪೌರತ್ವ ಬೇಕು. ಆದರೆ ಸದಸ್ಯತ್ವ ಆರಂಭವಾಗುವುದು 1957ರ ಜನವರಿಯಲ್ಲಿ; ಏಳು ವರ್ಷ ತುಂಬುವುದು ಡಿಸೆಂಬರ್‌ನಲ್ಲಿ. ಗಣಿತದ ಡಾಕ್ಟರಿಗೆ ಈ ಸಲ ಲೆಕ್ಕ ಸರಿಹೋಯಿತು.

ಎದುರು ನಿಂತವರು ಸಾಮಾನ್ಯರಲ್ಲ. ಶಬ್ದದ ವೇಗ ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ, ಶ್ರೀಮಂತ ಉದ್ಯಮಿಯ ಪತ್ನಿ ಜಾಕ್ವೆಲಿನ್ ಕಾಕ್ರನ್. ಸೌಂದ್ ಅಲ್ಪ ಅಂತರದಿಂದ ಗೆದ್ದು, ಆ ಸಂಸತ್ತಿಗೆ ಆಯ್ಕೆಯಾದ ಮೊದಲ ಏಷ್ಯಾ ಮೂಲದವರಾದರು. ಹೊಸಬರಾದರೂ ವಿದೇಶಾಂಗ ಸಮಿತಿಯಲ್ಲಿ ಸ್ಥಾನ ದೊರೆಯಿತು. 1957ರ ಕೊನೆಯಲ್ಲಿ ಏಷ್ಯಾ ಪ್ರವಾಸ ಕೈಗೊಂಡು, 37 ವರ್ಷಗಳ ನಂತರ ಹುಟ್ಟೂರು ಕಂಡರು. ಹುಟ್ಟೂರು ಉಳಿದಿತ್ತು, ಆದರೆ ಅವರು ಬಿಟ್ಟು ಹೋಗಿದ್ದ ಪಂಜಾಬು ಈಗ ಎರಡು ದೇಶಗಳಲ್ಲಿ ಹಂಚಿಹೋಗಿತ್ತು.

ಮೂರು ಬಾರಿ ಗೆದ್ದ ಅವರಿಗೆ 1962ರ ಮೇ ತಿಂಗಳಲ್ಲಿ ಪಾರ್ಶ್ವವಾಯು ಬಡಿಯಿತು. ಮಾತೇ ಬಲವಾಗಿದ್ದ ಮನುಷ್ಯನಿಗೆ ಮಾತು ಹೋಯಿತು. ಆ ವರ್ಷದ ಚುನಾವಣೆಯಲ್ಲಿ ಅವರು ಪ್ರಚಾರಕ್ಕೆ ಬರಲಾಗದೆ ಸೋತರು. 1973ರ ಏಪ್ರಿಲ್ 22ರಂದು ನಿಧನರಾದರು.

ಭಾರತೀಯ ಮೂಲದ ಇನ್ನೊಬ್ಬರು ಆ ಸಂಸತ್ತಿಗೆ ಆಯ್ಕೆಯಾಗಲು 2004ರವರೆಗೆ ಕಾಯಬೇಕಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಪಟ್ಟಣದ ಅಂಚೆ ಕಚೇರಿಗೆ ದಲೀಪ್ ಸಿಂಗ್ ಸೌಂದ್ ಅವರ ಹೆಸರಿಡಲಾಯಿತು.