ಪ್ಲೇಗ್ ಲಸಿಕೆಯನ್ನು ಮೊದಲು ಚುಚ್ಚಿಕೊಂಡವರು ಯಾರು? ಗದಗ, ಹುಬ್ಬಳ್ಳಿಗೂ ಬಂದ ಹಾಫ್‌ಕಿನ್ ಲಸಿಕೆಯ ಕಥೆ

ಲಸಿಕೆ ಕಂಡುಹಿಡಿದವರು ತಾವು ಹಾಕಿಸಿಕೊಳ್ಳುವುದಿಲ್ಲ, ಬಡವರ ಮಕ್ಕಳ ಮೇಲೆ ಪ್ರಯೋಗ ಮಾಡುತ್ತಾರೆ ಎಂಬ ಮಾತು ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಓಡಾಡುತ್ತದೆ. ಇದರಲ್ಲಿ ಎಷ್ಟು ನಿಜ? ಉತ್ತರಕ್ಕೆ ನಾವು ವಾಲ್ಡೆಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿಯ ಬದುಕನ್ನು ನೋಡೋಣ. ಅವರ ಲಸಿಕೆ ನಮ್ಮ ಗದಗಕ್ಕೂ ಬಂದಿತ್ತು.

ಹಾಫ್‌ಕಿನ್ ಹುಟ್ಟಿದ್ದು 1860ರಲ್ಲಿ, ಒಡೆಸ್ಸಾದ ಯಹೂದಿ ಮನೆತನದಲ್ಲಿ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆ ತಯಾರಿಸಿ, 1892ರ ಜುಲೈ 18ರಂದು ಮೊದಲು ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. 1896ರಲ್ಲಿ ಮುಂಬೈಗೆ ಪ್ಲೇಗ್ ಬಿತ್ತು. ಸರ್ಕಾರ ಅವರನ್ನು ಅಲ್ಲಿಗೆ ಕರೆಸಿತು.

ಗ್ರಾಂಟ್ ಮೆಡಿಕಲ್ ಕಾಲೇಜಿನ ಸಣ್ಣ ಜಾಗದಲ್ಲಿ ಕೆಲಸ ಶುರುವಾಯಿತು. ಮಾಂಸದ ಸಾರಿನ ಮೇಲೆ ತುಪ್ಪ ತೇಲಿಬಿಟ್ಟು ಪ್ಲೇಗ್ ರೋಗಾಣು ಬೆಳೆಸುವುದು, ಆಮೇಲೆ ಕಾಯಿಸಿ ಅವನ್ನು ಸಾಯಿಸುವುದು ಅವರ ವಿಧಾನ. ದನ ಅಥವಾ ಹಂದಿ ಮಾಂಸ ಬಳಸಿದರೆ ಜನ ಒಪ್ಪಲಾರರೆಂದು ಮೇಕೆ ಮಾಂಸ ಆರಿಸಿಕೊಂಡಿದ್ದರು. 1897ರ ಜನವರಿ 10ರಂದು ಈ ಲಸಿಕೆಯನ್ನೂ ಮೊದಲು ತಾವೇ ತೆಗೆದುಕೊಂಡರು, 10 ಮಿ.ಲೀ. ಮುಂದೆ ದೊಡ್ಡವರಿಗೆ ಕೊಟ್ಟ ಡೋಸ್‌ಗಿಂತ ಇದು ಸುಮಾರು ಮೂರು ಪಟ್ಟು ಹೆಚ್ಚು. ಜ್ವರ ಜೋರಾಗಿಯೇ ಬಂತು. ಅಂದರೆ ಫಾರ್ವರ್ಡ್‌ನ ಮೊದಲ ಅರ್ಧ ಇವರ ವಿಷಯದಲ್ಲಿ ಸುಳ್ಳು.

ಎರಡನೇ ಅರ್ಧ ಅಷ್ಟು ಸುಲಭವಲ್ಲ. ತಮ್ಮ ಬಳಿಕ ಅವರು ಪರೀಕ್ಷಿಸಿದ್ದು ಮುಂಬೈನ ಬೈಕುಲ್ಲಾ ಜೈಲಿನ ಕೈದಿಗಳಲ್ಲಿ. ಮುಂದೆ ಬಂದವು ಮನೆಗಳು. 1898ರ ಫೆಬ್ರವರಿಯಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಹಳ್ಳಿಯಲ್ಲಿ ಪ್ರತಿ ಕುಟುಂಬವನ್ನೂ ಎರಡು ಪಾಲು ಮಾಡಿದರು. ಗಂಡಸರು, ಹೆಂಗಸರು, ಮಕ್ಕಳು ಹೆಚ್ಚೂಕಮ್ಮಿ ಸಮನಾಗಿ ಹಂಚಿಹೋಗುವಂತೆ ಒಂದು ಪಾಲಿಗೆ ಲಸಿಕೆ ಹಾಕಿ, ಇನ್ನೊಂದನ್ನು ಹಾಗೇ ಬಿಟ್ಟರು. ಮಕ್ಕಳಿಗೆ ಡೋಸ್ ಕಡಿಮೆ. ಒಂದೇ ಸೂರು, ಒಂದೇ ಊಟ, ಒಂದೇ ಇಲಿಗಳು. ವ್ಯತ್ಯಾಸ ಲಸಿಕೆಯದ್ದು ಮಾತ್ರ.

ಆಮೇಲೆ 28 ಮನೆಗಳಿಗೆ ಪ್ಲೇಗ್ ಬಂತು. ಅಲ್ಲಿದ್ದ ಲಸಿಕೆ ಪಡೆದ 71 ಜನರಲ್ಲಿ 8 ಮಂದಿ ಕಾಯಿಲೆ ಬಿದ್ದು 3 ಮಂದಿ ಸತ್ತರು. ಲಸಿಕೆ ಪಡೆಯದ 64 ಜನರಲ್ಲಿ 27 ಮಂದಿ ಬಿದ್ದರು, 26 ಮಂದಿ ಸತ್ತರು. ಲಸಿಕೆ ಕೆಲಸ ಮಾಡುತ್ತದೆ ಎನ್ನಲು ಅಂದಿನ ಕಾಲಕ್ಕೆ ಇದಕ್ಕಿಂತ ಗಟ್ಟಿ ಲೆಕ್ಕ ಸಿಗುವುದು ಕಷ್ಟ. ಆದರೆ ಆ 26 ಸಾವುಗಳೂ ಅದೇ ಲೆಕ್ಕದ ಭಾಗ. ಎಥಿಕ್ಸ್ ಕಮಿಟಿ, ಲಿಖಿತ ಒಪ್ಪಿಗೆ ಎಂಬ ವ್ಯವಸ್ಥೆಯೇ ಆಗ ಇರಲಿಲ್ಲ.

ಅದೇ ವರ್ಷ ಪ್ಲೇಗ್ ನಮ್ಮ ಕಡೆ ತಿರುಗಿತು. ಗದಗ, ಅಂತೂರ ಬೆಂತೂರ ಎಲ್ಲ ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಹುಬ್ಬಳ್ಳಿಯಲ್ಲಿ ಡಾಕ್ಟರ್ ಲ್ಯೂಮನ್ ಅವರ ನೇತೃತ್ವದಲ್ಲಿ ಕೆಲವೇ ತಿಂಗಳಲ್ಲಿ 30 ಸಾವಿರಕ್ಕೂ ಹೆಚ್ಚು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಿದರು. ಧಾರವಾಡ, ಗದಗದಲ್ಲೂ ಹಾಕಿದರು. ಇಲ್ಲಿ ಮನೆಯವರನ್ನು ಪಾಲು ಮಾಡಲಿಲ್ಲ, ಬಂದವರಿಗೆಲ್ಲ ಕೊಟ್ಟರು. ಆದರೆ ಲಸಿಕೆಯ ಸರ್ಟಿಫಿಕೇಟ್ ಇದ್ದವರಿಗೆ ಪ್ಲೇಗ್ ತಡೆ ಕ್ಯಾಂಪು, ಪ್ರಯಾಣದ ಕಟ್ಟುಪಾಡುಗಳಿಂದ ವಿನಾಯಿತಿ ಇತ್ತು. ಹಾಗಿದ್ದಾಗ ತೋಳು ಚಾಚಿದ ಪ್ರತಿಯೊಬ್ಬರೂ ಮನಸಾರೆ ಒಪ್ಪಿದ್ದರು ಎನ್ನಲು ನಮಗೆ ಧೈರ್ಯವಿಲ್ಲ. ಮುಂದೆ ಪ್ಲೇಗ್ ಆಯೋಗ ಈ ಊರುಗಳ ಅಂಕಿಗಳನ್ನೂ ಪರಿಶೀಲಿಸಿತು: ಲಸಿಕೆ ರೋಗವನ್ನೂ ಸಾವನ್ನೂ ಕಡಿಮೆ ಮಾಡುತ್ತದೆ, ಪೂರ್ತಿ ತಡೆಯುವುದಿಲ್ಲ ಎಂದಿತು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಎಲ್ಲರಿಗೂ ಒಂದೇ ಬಾಟಲಿಯಿಂದ ಹಾಕಲಾಗಿತ್ತು. ದೋಷ ಹಾಫ್‌ಕಿನ್ ಮೇಲೆ ಬಂತು, ಹುದ್ದೆ ಹೋಯಿತು. ಬಾಟಲಿ ತೆರೆಯುವಾಗ ಚಿಮಟ ನೆಲಕ್ಕೆ ಬಿದ್ದು, ಸರಿಯಾಗಿ ಶುದ್ಧ ಮಾಡದೆ ಮತ್ತೆ ಬಳಸಿದ್ದು ಆಮೇಲೆ ತಿಳಿಯಿತು. ಹೆಸರು ಚೊಕ್ಕವಾಗಲು 1907ರವರೆಗೆ ಕಾಯಬೇಕಾಯಿತು. ಮುಂಬೈನ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಟ್ಟರು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೋಸಾನ್‌ನಲ್ಲಿ ತೀರಿಕೊಂಡರು.

ಈಗ ನಿಮ್ಮ ಮಗುವನ್ನು ಔಷಧ ಅಥವಾ ಲಸಿಕೆಯ ಅಧ್ಯಯನಕ್ಕೆ ಸೇರಿಸಿ ಎಂದು ಯಾರಾದರೂ ಕೇಳಿದರೆ? ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರ ಲಿಖಿತ ಒಪ್ಪಿಗೆ ಬೇಕೇ ಬೇಕು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ 7ರಿಂದ 12 ವರ್ಷದ ಮಗುವಿನ ಬಾಯಿಮಾತಿನ ಸಮ್ಮತಿ, ಅದಕ್ಕಿಂತ ದೊಡ್ಡವರಾದರೆ 18ರವರೆಗೆ ಬರಹದ ಸಮ್ಮತಿಯೂ ಬೇಕು. ಒಪ್ಪಿದ ಮೇಲೂ ನಡುವೆಯೇ ಬಿಟ್ಟು ಬರಬಹುದು, ಅದಕ್ಕಾಗಿ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಹೊಸ ಔಷಧದ ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ 2019ರ ನಿಯಮಗಳಲ್ಲಿವೆ. ಸಹಿ ಹಾಕುವ ಮುನ್ನ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಆ ಸರ್ಕಾರಿ ವೆಬ್‌ಸೈಟಿನಲ್ಲಿ ಅಧ್ಯಯನ ಯಾರದ್ದು, ಎಲ್ಲಿ ನಡೆಯುತ್ತಿದೆ ಎಂಬುದನ್ನು ಮೊಬೈಲಿನಲ್ಲೇ ಉಚಿತವಾಗಿ ನೋಡಬಹುದು.